ರಾತ್ರಿ ಬರುವ ಮಾಮ

"ಏನೋ ಇದು, ಲಿಫ್ಟೋ ನಿಮ್ಮತ್ತೆ ಮನೆ ಪಡಸಾಲೆಯೋ?"

ನಿವಾಸಿಗಳ ಸಂಘದ ಕಾರ್ಯದರ್ಶಿ ಕೂಗಿದ್ದು ಕೆಳಗೆ, ಕೇಳಿಸಿದ್ದು ಆರನೆಯ ಮಹಡಿಯವರೆಗೆ. ಹಳೆಯ ಕಟ್ಟಡ. ಲಿಫ್ಟಿಗೆ ಗೋಡೆಯಿಲ್ಲ, ಸುತ್ತ ಕಬ್ಬಿಣದ ಜಾಲರಿ. ಆ ಜಾಲರಿಯನ್ನು ಹಾವಿನಂತೆ ಸುತ್ತಿಕೊಂಡು ಮೆಟ್ಟಿಲುಗಳು. ಮೆಟ್ಟಿಲು ಗುಡಿಸುವವನು ನಾನು. ಲಿಫ್ಟಿನೊಳಗೆ ಏನೇ ನಡೆದರೂ ನನಗೆ ಪಂಜರದ ಗಿಣಿಯಷ್ಟು ಸ್ಪಷ್ಟವಾಗಿ ಕಾಣುತ್ತದೆ.

ಒಳಗೆ ಲಿಫ್ಟಿನಣ್ಣ ತನ್ನ ಸ್ಟೂಲಿನ ಮೇಲಿದ್ದ. ಕೈ ಲಿಫ್ಟ್ ನಡೆಸುವ ಹಿತ್ತಾಳೆಯ ಹಿಡಿಯ ಮೇಲೆ. ಅವನ ಹೆಂಡತಿ ನೆಲದಲ್ಲಿ ಕಾಲು ಚಾಚಿ ಕೂತು ಮಗಳ ತಲೆ ಬಾಚುತ್ತಿದ್ದಳು. ಪಕ್ಕದಲ್ಲಿ ಅನ್ನದ ಡಬ್ಬಿ.

"ಇವರನ್ನ ನೋಡೋಕೆ ಬಂದ್ವಿ ಸಾರ್," ಅಂದಳು ಅತ್ತಿಗೆ, ಏಳದೆ.

"ಗಂಡನ್ನ ನೋಡೋಕೆ ನನ್ನ ಲಿಫ್ಟೇ ಬೇಕಾಯ್ತೇನೇ?"

"ಮನೇಲಿ ಸಿಗಲ್ವಲ್ಲ ಸಾರ್."

ಈ ಕಾರ್ಯದರ್ಶಿಗೆ ನಾವಿಟ್ಟ ಹೆಸರು ಗುಡಾಣ. ಲಿಫ್ಟಿಗೆ ಮೊದಲು ಅವನ ಹೊಟ್ಟೆ ಬರುತ್ತದೆ, ಜಾಗ ನೋಡಿಕೊಂಡು ಆಮೇಲೆ ಅವನು. ಹೊರಗೆ ಪಕ್ಕದ ಗೋಡೆಗೆ ಹೊಡೆದ ಹಲಗೆಯನ್ನು ಅವನು ಬೆರಳಿನಿಂದ ಕುಟ್ಟಿದ. 'ಕೆಲಸದವರು, ಮಾರುವವರು ಹಾಗೂ ನಾಯಿಗಳು ಲಿಫ್ಟ್ ಬಳಸಕೂಡದು.'

"ಓದೋಕೆ ಬರಲ್ವಾ?"

"ಬರಲ್ಲ ಸಾರ್. ನಾಯಿಗೂ ಬರಲ್ಲ. ಆದ್ರೂ ಬರೆಸಿದೀರಿ."

ನಾನು ಪೊರಕೆಯಿಂದ ಬಾಯಿ ಮುಚ್ಚಿಕೊಂಡೆ. ಗುಡಾಣ ಅಣ್ಣನ ಕಡೆ ತಿರುಗಿದ. "ಈ ಮುಂಡೇವು ಇನ್ನೊಂದ್ಸಲ ಇಲ್ಲಿ ಕಂಡ್ರೆ ನಿನ್ನ ಕೆಲಸ ಹೋಯ್ತು ಅನ್ಕೋ."

ಮಗು ಎದ್ದು ಹೋಗುವಾಗ ಹೊಸಬನನ್ನು ಕಂಡಂತೆ ಅಣ್ಣನನ್ನೊಮ್ಮೆ ನೋಡಿ ಅಮ್ಮನ ಸೆರಗಿನ ಹಿಂದೆ ಅಡಗಿತು. ಅತ್ತಿಗೆ ಅದನ್ನು ಇಲ್ಲಿಗೆ ಕರೆತಂದದ್ದು ಆ ನೋಟ ಬದಲಾಗಲಿ ಅಂತಲೇ.

ಮೊದಲು ಲಿಫ್ಟಿಗೆ ಇಬ್ಬರಿದ್ದರು. ಒಬ್ಬನನ್ನು ಗುಡಾಣ ಓಡಿಸಿದ. ಅಂದಿನಿಂದ ಅಣ್ಣ ಕತ್ತಲಲ್ಲಿ ಕೆಲಸಕ್ಕೆ ಬಂದು ಕತ್ತಲಲ್ಲೇ ಮನೆಗೆ ಹೋಗುತ್ತಾನೆ. ಭಾನುವಾರವೂ ಬಿಡುವಿಲ್ಲ, ರಜೆಯಲ್ಲಿ ಮನೆಯಲ್ಲಿರುವವರಿಗೆ ಮನೆಯಲ್ಲಿ ಇರಲಾಗುವುದಿಲ್ಲ, ಮೇಲೆ ಕೆಳಗೆ ಓಡಾಡುತ್ತಲೇ ಇರುತ್ತಾರೆ. ನಾವೆಲ್ಲ ಇರುವುದು ಕಟ್ಟಡದ ಹಿಂದಿನ ಓಣಿಯಲ್ಲೇ. ಕಲ್ಲೆಸೆದರೆ ಅಣ್ಣನ ಮನೆಗೆ ಬೀಳುತ್ತದೆ. ಅಣ್ಣ ಮಾತ್ರ ಹಗಲು ಹೊತ್ತಲ್ಲಿ ಅಲ್ಲಿಗೆ ಹೋಗಿದ್ದನ್ನು ನಾನು ಕಂಡಿಲ್ಲ.

ಹೀಗಿರುವಾಗ, ಅತ್ತಿಗೆ ಲಿಫ್ಟಿಗೆ ಬರುವ ಕೆಲವು ದಿನ ಮುಂಚೆ, ಒಂದು ಬೆಳಿಗ್ಗೆ ಓಣಿಯ ನಲ್ಲಿಯ ಹತ್ತಿರ, ಕೊಡ ಹಿಡಿದ ಹೆಂಗಸರೆಲ್ಲ ಇರುವಾಗ, ಮಗು ಗಂಟಲು ಬಿಚ್ಚಿ ಹೇಳಿತು:

"ನಮ್ಮನೆಗೆ ದಿನಾ ರಾತ್ರಿ ಒಬ್ಬ ಮಾಮ ಬರ್ತಾನೆ. ಬೆಳಕಾಗೋಕ್ಕೆ ಮುಂಚೆ ಓಡಿಹೋಗ್ತಾನೆ."

ಕೊಡ ತುಂಬಿ ಹರಿಯಿತು. ಯಾರೂ ನಲ್ಲಿ ನಿಲ್ಲಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಆ ಮಾಮನಿಗೆ ಮೀಸೆ ಬಂದಿತ್ತು, ಸಂಜೆಯೊಳಗೆ ಮೋಟಾರ್ ಸೈಕಲ್ಲೂ ಬಂತು. ಸುದ್ದಿ ತವರು ಮುಟ್ಟಿ, ಅತ್ತಿಗೆಯ ತಮ್ಮ ದೊಣ್ಣೆ ಹಿಡಿದು ಬಂದು ಬಾಗಿಲ ಹಿಂದೆ ಕಾದು ಕೂತ. ಬಂದವನಿಗೆ ನಾಲ್ಕು ಬಾರಿಸಿ ದೀಪ ಹಚ್ಚಿದ ಮೇಲೆ ಗೊತ್ತಾಯಿತು, ಏಟು ತಿಂದದ್ದು ಭಾವ ಅಂತ.

ಮರುದಿನ ಅಣ್ಣನ ಹಣೆ ನಿಂಬೆಹಣ್ಣಿನಷ್ಟು ಊದಿತ್ತು. ಗುಡಾಣ ಅದನ್ನು ನೋಡಿ, "ಟೋಪಿ ಕೆಳಗೆ ಎಳ್ಕೊಳ್ಳೋ, ಬಂದೋರಿಗೆ ಅಸಹ್ಯ ಆಗತ್ತೆ" ಅಂದ.

ಅವತ್ತೇ ಅತ್ತಿಗೆ ತೀರ್ಮಾನ ಮಾಡಿದ್ದು. "ಬೆಳಕಲ್ಲಿ ನೀವು ಮನೆಗೆ ಬರಲ್ಲ ಅಂದ್ರೆ ಮನೇನೇ ಬರತ್ತೆ, ಬಿಡಿ. ಮಗೂಗೆ ನಿಮ್ಮ ಮುಖ ಗುರುತಾಗಲಿ. ಇಲ್ದಿದ್ರೆ ನನ್ನ ತಮ್ಮ ಇನ್ನೊಂದು ದೊಣ್ಣೆ ತರ್ತಾನೆ."

ಬಾಚಣಿಗೆ, ಡಬ್ಬಿ, ಮಗಳು ಸಮೇತ ಬಂದಳು. ಎರಡನೆಯ ದಿನವೇ ಸಿಕ್ಕಿಬಿದ್ದಳು. ಅಲ್ಲಿಗೆ ಮುಗಿಯಿತು ಅಂದುಕೊಂಡೆವು.

ಆದರೆ ವಾರ ಕಳೆಯುವಷ್ಟರಲ್ಲಿ ಗುಡಾಣ ತಾನೇ ನಗುನಗುತ್ತ ಬಂದ. ಅವನು ನಕ್ಕರೆ ನಮಗೆ ಏನೋ ಕಾದಿದೆ ಅಂತಲೇ ಅರ್ಥ.

"ಭಾನುವಾರ ಮೇಲಿನ ಹಾಲ್‌ನಲ್ಲಿ ಭಾಷಣ ಇದೆ ಕಣೋ. 'ಮಗುವಿಗೆ ಬೇಕು ಅಪ್ಪನ ಹೊತ್ತು.' ದೊಡ್ಡ ವಿದ್ವಾಂಸರು ಬರ್ತಾರೆ. ನಿನ್ನ ಹೆಂಡ್ತಿಗೆ ಹೇಳು, ಮಗಳ ಮುಖ ತೊಳ್ಸಿ ಕರ್ಕೊಂಡು ಬರಲಿ. ಅವರಿಗೆ ಹೂಗುಚ್ಛ ಕೊಡಬೇಕು. ಬಡವರ ಮಗು ಕೊಟ್ರೆ ಫೋಟೋಗೆ ಒಂದು ಕಳೆ."

ಅಣ್ಣನ ಮುಖ ಅರಳಿತು. "ನಾನೂ ಮೇಲೆ ಬಂದು ಕೇಳ್ಲಾ ಸಾರ್?"

"ನೀನು ಬಂದ್ರೆ ಲಿಫ್ಟ್ ಯಾರು, ನಿಮ್ಮಪ್ಪ ನಡೆಸ್ತಾನಾ?"

ಭಾನುವಾರ ಇಳಿಹೊತ್ತು. ಕೇಳುವವರೆಲ್ಲ ಮೇಲೆ ಹೋಗಿ ಕೂತಾಗಿತ್ತು. ಕೊನೆಯ ಸವಾರಿಯಲ್ಲಿ ಗುಡಾಣ, ವಿದ್ವಾಂಸರು, ಅತ್ತಿಗೆ, ಮಗು. ವಿದ್ವಾಂಸರು ಮಡಿಸಿಟ್ಟ ಕೊಡೆಯಂತೆ ಸಣ್ಣಗಿದ್ದರು, ಮೈಮೇಲೆ ದೊಡ್ಡ ಕೋಟು. ನಾನು ನಾಲ್ಕನೆಯ ಮಹಡಿಯ ಕಿಟಕಿಯ ಬಳಿ ಕಸ ಎತ್ತುತ್ತಿದ್ದೆ. ಲಿಫ್ಟು ಮೂರು ದಾಟಿ ಕಿರುಗುಟ್ಟುತ್ತ ಏರಿ ಬಂತು.

"ಪುಟ್ಟೀ," ವಿದ್ವಾಂಸರು ಬಗ್ಗಿದರು, "ನಿಮ್ಮಪ್ಪ ನಿನ್ನ ಜೊತೆ ಆಟ ಆಡ್ತಾರಾ?"

ಹೂಗುಚ್ಛದ ಹಿಂದಿನಿಂದ ಎರಡು ಕಣ್ಣು ಮೇಲೆ ಬಂದವು. "ಅಪ್ಪ ಇಲ್ಲ. ಮಾಮ. ರಾತ್ರಿ ಬರ್ತಾನೆ, ಹಗಲು ಬರಲ್ಲ."

ಗುಡಾಣ ಹೊಟ್ಟೆ ಕುಣಿಸಿ ನಕ್ಕ. "ಕೇಳಿದ್ರಾ ಸಾರ್? ಈ ಜನರ ಸಂಸಾರವೇ ಇಷ್ಟು. ಗಂಡ ಇಲ್ಲಿ ಲಿಫ್ಟ್ ಏರಿಸ್ತಿದ್ರೆ, ಅಲ್ಲಿ ಮಾಮ ಹಾಸಿಗೆ ಏರ್ತಾನೆ. ಯಾರೇ ಅವನು, ಹೇಳೇ!"

ಲಿಫ್ಟು ನಿಂತಿತು.

ಮೂರಕ್ಕೂ ನಾಲ್ಕಕ್ಕೂ ನಡುವೆ. ನನ್ನ ಮಹಡಿಯ ನೆಲ ಒಳಗಿದ್ದವರ ಎದೆಮಟ್ಟಕ್ಕೆ. ಅಣ್ಣ ಸ್ಟೂಲಿನಿಂದ ಎದ್ದು ತಿರುಗಿದ. ಹತ್ತಿದವರ ಮುಖವನ್ನು ಅವನು ನೇರ ನೋಡಿದ್ದು ಅದೇ ಮೊದಲು.

"ನಾನೇ ಸಾರ್ ಆ ಮಾಮ. ನಾನು ಇಳಿಯೋ ಜಾಗ ಬಂತು."

ಹಿತ್ತಾಳೆಯ ಹಿಡಿಯನ್ನು ಕಿತ್ತು ಮಗಳ ಕೈಗೆ ಕೊಟ್ಟ. ಒಳಗಿನ ಬಾಗಿಲು, ಹೊರಗಿನ ಜಾಲರಿ ಎರಡನ್ನೂ ಎಳೆದ. ನೆಲಕ್ಕೂ ಲಿಫ್ಟಿನ ಸೂರಿಗೂ ನಡುವೆ ಒಂದು ಸಂದು. ನಮ್ಮಂಥವರು ನುಸುಳಬಹುದಾದ ಸಂದು.

"ಹಿಡ್ಕೊಳ್ಳೋ ತಮ್ಮಾ."

ಪೊರಕೆ ಬಿಸಾಕಿ ಮಗುವನ್ನು ಎತ್ತಿಕೊಂಡೆ, ಹೂವು ಹಿಡಿ ಎಲ್ಲ ಸೇರಿಸಿ. ಅವನ ಮೊಣಕಾಲು ಮೆಟ್ಟಿ ಅತ್ತಿಗೆ ಬಂದಳು. ಆಮೇಲೆ ಅವನು, ಮೀನಿನ ಹಾಗೆ.

"ನಾವು?" ವಿದ್ವಾಂಸರ ದನಿ ಕೋಟಿನೊಳಗಿಂದ ಬಂತು.

"ಮಾತಾಡ್ಕೊಂಡಿರಿ ಸಾರ್. ಅಪ್ಪಂದಿರ ವಿಷಯ."

ಗುಡಾಣ ಸಂದಿಗೆ ತಲೆ ತೂರಿಸಿದ. ತಲೆ ಬಂತು, ಭುಜ ಬಂತು. ಹೊಟ್ಟೆ ಬರಲಿಲ್ಲ. ಬಾಟಲಿಗೆ ಬಿರಡೆ ಹಾಕಿದಂತೆ ಕೂತುಬಿಟ್ಟಿತು. ವಿದ್ವಾಂಸರು ಹಿಂದಿನಿಂದ ಎರಡೂ ಕಾಲು ಹಿಡಿದು ಜಗ್ಗಿ ವಾಪಸ್ಸು ಎಳೆದುಕೊಂಡರು. ಅಣ್ಣ ಜಾಲರಿ ಮುಚ್ಚಿ ಚಿಲಕ ಹಾಕಿದ. "ಬಿದ್ದುಗಿದ್ದೀರಿ."

"ಸೂಳೆಮಗನೇ! ನಿನ್ನ ಕೆಲಸ ಹೋಯ್ತು!"

"ಹೋಗ್ಲಿ ಸಾರ್. ಅದು ಹೋಗೋವರೆಗೂ ನಾನು ಮನೆಗೆ ಹೋಗೋ ಹಾಗಿರ್ಲಿಲ್ಲ."

ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮೆಟ್ಟಿಲಿಳಿದ. ಮೆಟ್ಟಿಲಿನ ಅಭ್ಯಾಸವಿಲ್ಲ, ಕಾಲು ತಡವರಿಸುತ್ತಿತ್ತು. ಮಗು ಅವನ ಟೋಪಿ ತೆಗೆದು, ಹಣೆಯಲ್ಲಿ ಇನ್ನೂ ಉಳಿದಿದ್ದ ಬಾವು ಮುಟ್ಟಿ ನೋಡಿತು.

"ಮಾಮಾ, ಇನ್ನೂ ಬೆಳಕಿದೆಯಲ್ಲಾ. ಈಗ್ಲೇ ಬರ್ತೀಯಾ?"

"ಬರ್ತೀನಿ ಕಣವ್ವಾ."

ನಾನು ಕಿಟಕಿಗೆ ಓಡಿದೆ. ಕೆಳಗೆ ಓಣಿಯಲ್ಲಿ ಬಿಸಿಲಿತ್ತು, ನಲ್ಲಿಯ ಮುಂದೆ ಕೊಡಗಳಿದ್ದವು. ಅತ್ತಿಗೆ ಗಂಡನ ತೋಳು ಹಿಡಿದು ಹೆಂಗಸರ ನಡುವೆ ತಂದು ನಿಲ್ಲಿಸಿದಳು.

"ಬನ್ರೇ, ನೋಡ್ರೇ! ದಿನಾ ರಾತ್ರಿ ನಮ್ಮನೆಗೆ ಬರೋನು ಇವನೇ! ಕಣ್ತುಂಬ ನೋಡ್ಕೊಳ್ರೇ!"

ಒಂದು ಮುದುಕಿ ಹತ್ತಿರ ಬಂದು ಅವನನ್ನು ಮೇಲಿಂದ ಕೆಳಗೆ ಅಳೆದಳು. "ಮೀಸೆ ಎಲ್ಲೇ?"

"ಮೋಟಾರ್ ಸೈಕಲ್ಲು?" ಇನ್ನೊಬ್ಬಳು.

ಹೆಗಲ ಮೇಲಿನ ಮಗು ಹಿತ್ತಾಳೆಯ ಹಿಡಿಯನ್ನು ಬಲಕ್ಕೆ ತಿರುಗಿಸಿ 'ಡುರ್ರ್' ಅಂದಿತು. ಅಣ್ಣ ಓಡತೊಡಗಿದ.

ನನ್ನ ಹಿಂದೆ ಜಾಲರಿ ಅಲುಗುತ್ತಿತ್ತು. "ಏಯ್ ಕತ್ತೆ, ಏನು ಹಲ್ಲು ಕಿರಿತಿದೀಯ? ಓಡು! ಯಾರನ್ನಾದ್ರೂ ಕರ್ಕೊಂಡು ಬಾ!"

"ಬೇಗ ಆಗತ್ತೇನಪ್ಪಾ?" ವಿದ್ವಾಂಸರು ಮೆಲ್ಲಗೆ ಕೇಳಿದರು. "ಇವತ್ತಾದ್ರೂ ಮಗ ಮಲಗೋಕ್ಕೆ ಮುಂಚೆ ಬರ್ತೀನಿ ಅಂದಿದ್ದೆ."

"ಹೋಗ್ತೀನಿ ಸಾರ್," ಅಂದೆ. "ಮೆಟ್ಟಿಲು ಜಾಸ್ತಿ. ನಮಗೆ ಲಿಫ್ಟ್ ಇಲ್ವಲ್ಲ."

ಪೊರಕೆ ಎತ್ತಿಕೊಂಡು ಆರನೆಯ ಮಹಡಿಗೆ ಹತ್ತಿದೆ. ಹಾಲ್‌ನಲ್ಲಿ ಯಾರೋ ಮೈಕಿಗೆ ಹಲೋ ಹಲೋ ಅನ್ನುತ್ತಿದ್ದರು. ನಾನು ಮೇಲಿನ ಮೊದಲ ಮೆಟ್ಟಿಲಿನಿಂದ, ಮೂಲೆ ಮೂಲೆ ಕೆದಕಿ, ಗುಡಿಸುತ್ತ ಇಳಿಯತೊಡಗಿದೆ.