ವಿಲೆಮ್‌ನ ಏಳು ಹಾವುಗಳಿಗೊಂದು ಕಪಾಟು

ನನಗೆ ಹಾವು ಕಂಡರೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಮುಂದಿನದನ್ನು ಕೇಳಿದವರು ಇವನು ಬೇಕೆಂದೇ ಮಾಡಿದ ಅಂದುಕೊಂಡಾರು. ಹಾವುಗಳಿಗೆ ಆದದ್ದು ಬೇಕೆಂದು ಆದದ್ದಲ್ಲ. ಬೇಕೆಂದು ಮಾಡಿದ್ದು ಆಮೇಲಿನದು.

ವಿಲೆಮ್ ನನ್ನ ಮೂವತ್ತು ವರ್ಷದ ಗೆಳೆಯ. ಕಾರ್ವಿನಾದ ಗಣಿಯಲ್ಲಿ ಕಲ್ಲಿದ್ದಲು ಕಡಿಯುತ್ತಲೇ ಶ್ವಾಸಕೋಶ ಹಾಳುಮಾಡಿಕೊಂಡ. ಮದುವೆ ಆಗಲಿಲ್ಲ. ಊರಂಚಿನ ಹಳೆಯ ಮನೆಯಲ್ಲಿ ಏಳು ಹೆಬ್ಬಾವುಗಳನ್ನು ಸಾಕಿಕೊಂಡಿದ್ದ. ಹೆಬ್ಬಾವು ಅಂದರೆ ಆಡು ನುಂಗುವ ಗಾತ್ರದ್ದಲ್ಲ; ಆಫ್ರಿಕದ ಗಿಡ್ಡ ಜಾತಿ, ಗಾಬರಿಯಾದರೆ ಚೆಂಡಿನ ಹಾಗೆ ಸುತ್ತಿಕೊಂಡು ತಲೆಯನ್ನು ಒಳಗೆ ಹುದುಗಿಸಿಬಿಡುತ್ತದೆ. ಹಿರಿಯಳು ಬಾರಾ, ಇಪ್ಪತ್ತನಾಲ್ಕು ವರ್ಷದವಳು. ಉಳಿದ ಆರೂ ಅವಳ ಮಕ್ಕಳು, ಅವನ ಮನೆಯಲ್ಲೇ ಮೊಟ್ಟೆಯೊಡೆದು ಬಂದವು. ಎಲ್ಲರನ್ನೂ ಸೇರಿಸಿ ಅವನು 'ನನ್ನ ಹುಡುಗೀರು' ಅನ್ನುತ್ತಿದ್ದ.

ಸೆಪ್ಟೆಂಬರಿನಲ್ಲಿ ವೈದ್ಯರು ಎಡಗಡೆಯ ಶ್ವಾಸಕೋಶದ ಅರ್ಧ ಕತ್ತರಿಸಬೇಕು, ಎರಡು ತಿಂಗಳು ಆಸ್ಪತ್ರೆ ಅಂದರು. ವಿಲೆಮ್ ನೇರವಾಗಿ ನಮ್ಮ ಮನೆಗೆ ಬಂದು, ಟೋಪಿಯನ್ನೂ ತೆಗೆಯದೆ ಅಡುಗೆಮನೆಯಲ್ಲಿ ಕೂತ. ಅಲೋಯಿಸ್ ಅನ್ನುವ ನನ್ನ ಹೆಸರು ಅವನ ಬಾಯಲ್ಲಿ ಲೋಯ್ಜಾ.

"ಲೋಯ್ಜಾ, ನನ್ನ ಒಲೆಗೆ ಕಲ್ಲಿದ್ದಲು ಹಾಕೋರು ಯಾರೂ ಇಲ್ಲ ಕಣೋ. ಮನೆ ತಣ್ಣಗಾದ್ರೆ ಅವು ತಿಂದಿದ್ದು ಹೊಟ್ಟೇಲೇ ಕೊಳೆಯುತ್ತೆ."

"ಅದಕ್ಕೆ?"

"ನಿನ್ನ ನೆಲಮಾಳಿಗೆ ಉಗ್ರಾಣ ಖಾಲಿ ಇದೆಯಲ್ಲ."

ನನ್ನ ಹೆಂಡತಿ ಹೆಡ್ವಿಕಾ ಒಲೆಯ ಕಡೆಯಿಂದ ತಿರುಗಿದಳು. "ನೆಲಮಾಳಿಗೆ ಆದ್ರೆ ಸರಿ. ಒಂದು ಬಾಲ ಮೇಲೆ ಬಂದ್ರೂ ನೋಡಿ, ನಾನು ಕೆಳಗೆ ಹೋಗಿ ಮಲಗ್ತೀನಿ, ನೀವಿಬ್ಬರೂ ಹಾವುಗಳ ಜೊತೆ ಸಂಸಾರ ಮಾಡ್ಕೊಳ್ಳಿ."

ನಮ್ಮ ಕಡೆ ಕೈಯಿಂದ ಮಾಡಬಹುದಾದ್ದನ್ನು ಅಂಗಡಿಯಿಂದ ತರುವುದು ಅಂದರೆ ಮರ್ಯಾದೆ ಕಳೆದುಕೊಂಡ ಹಾಗೆ. ಗ್ಯಾರೇಜಿನ ಬಾಗಿಲು, ಸಾಸೇಜಿಗೆ ಹೊಗೆ ಕೊಡುವ ಗೂಡು, ಹೆಂಡತಿಯ ಹೊಲಿಗೆ ಮೇಜು, ಎಲ್ಲ ಸ್ವಂತದ್ದೇ. ಹಾವಿನ ಕಪಾಟೂ ಹಾಗೆಯೇ ಆಯಿತು. ಯಾರೋ ಬೀದಿಗಿಟ್ಟಿದ್ದ ಬಟ್ಟೆ ಬೀರು ಬಿಚ್ಚಿ ಹಲಗೆ ಮಾಡಿಕೊಂಡೆ. ಒಂದರ ಮೇಲೊಂದು ಏಳು ಅಂತಸ್ತು. ಪ್ರತಿಯೊಂದರಲ್ಲೂ ಮಂಚದ ಕೆಳಗೆ ಬಟ್ಟೆ ತುಂಬಿಡುವಂಥ ಪ್ಲಾಸ್ಟಿಕ್ ಡಬ್ಬಿ, ಮೇಜಿನ ಖಾನೆಯಂತೆ ಎಳೆದು ತಳ್ಳುವಂಥದ್ದು. ಡಬ್ಬಿಗೆ ಮುಚ್ಚಳ ಇಲ್ಲ, ಮೇಲಿನ ಹಲಗೆಯೇ ಮುಚ್ಚಳ. ನಡುವೆ ನಾಣ್ಯದ ದಪ್ಪದಷ್ಟು ಸಂದು ಮಾತ್ರ ಇರಬೇಕು, ಹೆಚ್ಚಿದ್ದರೆ ಹಾವು ಹೊರಗೆ. ಹಲಗೆಯ ಹಿಂಭಾಗದಲ್ಲಿ ಉದ್ದಕ್ಕೆ ಗೀರು ಕೊರೆದು ಬಿಸಿಯಾಗುವ ತಂತಿಯನ್ನು ಕೂರಿಸಿದೆ. ಎರಡು ಪಕ್ಕಕ್ಕೂ ನೆತ್ತಿಗೂ ಥರ್ಮೋಕೋಲ್ ಬಡಿದು ಭದ್ರ ಮಾಡಿದೆ. ಹಿಂದೆ ಬಿಸಿ, ಮುಂದೆ ತಂಪು. ಹಾವಿಗೆ ಬೇಕಾದ ಕಡೆ ಹೋಗಿ ಮಲಗಲಿ ಅಂತ.

"ಹಾವಿಗೆ ಅರಮನೆ. ನನ್ನ ಕಪಾಟಿನ ಬಾಗಿಲು ಎರಡು ವರ್ಷದಿಂದ ನೇತಾಡ್ತಿದೆ, ಅದು ಕಣ್ಣಿಗೆ ಬೀಳಲ್ಲ," ಅಂದಳು ಹೆಡ್ವಿಕಾ.

ಥರ್ಮೋಸ್ಟ್ಯಾಟ್ ವಿಲೆಮ್‌ನದು. ಶಾಖ ಮೂವತ್ತೊಂದು ಡಿಗ್ರಿ ಮುಟ್ಟಿದ ಕೂಡಲೇ ವಿದ್ಯುತ್ ಕಡಿಯುವ ಸಣ್ಣ ಪೆಟ್ಟಿಗೆ. ಅದನ್ನು ಅವನೇ ಮೇಜಿನ ಮುಂದೆ ಕೂತು, ಭೂತಗನ್ನಡಿ ಹಿಡಿದು, ಕೆಮ್ಮು ಬಂದಾಗಲೆಲ್ಲ ನಿಲ್ಲಿಸಿ, ಬೆಸುಗೆ ಹಾಕಿ ಮಾಡಿದ್ದ. ತಂತಿ ಬಿಸಿಯಾಗುತ್ತಿದ್ದರೆ ಕೆಂಪು ದೀಪ ಉರಿಯುತ್ತದೆ, ಸಾಕಾದರೆ ಆರುತ್ತದೆ. ಹಾವು ಬಿಡುವ ಮುಂಚೆ ಒಂದು ವಾರ ಖಾಲಿ ಓಡಿಸಬೇಕು ಅಂತ ಅವನ ಹಟ. ಓಡಿಸಿದೆವು. ಏಳು ಡಬ್ಬಿಯಲ್ಲಿ ಏಳು ಉಷ್ಣಮಾಪಕ, ದಿನಕ್ಕೆ ಮೂರು ಸಲ ನೋಡಿದೆವು, ಅರ್ಧ ಡಿಗ್ರಿ ಆಚೀಚೆ ಆಗಲಿಲ್ಲ. ತೀರಾ ಮೇಲಿನ ಡಬ್ಬಿಯೊಂದು ಮಾತ್ರ ಎರಡು ಡಿಗ್ರಿ ತಣ್ಣಗೆ. ಅಲ್ಲಿ ಹಲಗೆ ಕೊಯ್ಯುವಾಗ ನನ್ನ ಗರಗಸ ಜಾರಿ ಸಂದು ಅಗಲವಾಗಿತ್ತು. ಆ ಸಂದಿಗೆ ತಂತಿಯ ಜಾಲರಿ ಹೊಡೆದೆ. ಅಲ್ಲಿಗೆ ಎಲ್ಲರಿಗಿಂತ ಚಿಕ್ಕವಳಾದ ಝೋಫ್ಕಾ ಹೋದಳು. ವಿಲೆಮ್ ಒಂದೊಂದನ್ನೂ ಮುಟ್ಟಿ, ನೀರಿನ ಬಟ್ಟಲು ಸರಿಪಡಿಸಿ, ಮರುದಿನ ಆಸ್ಪತ್ರೆ ಸೇರಿದ.

ಈಗ ನನ್ನ ಬುದ್ಧಿವಂತಿಕೆಯ ವಿಷಯ.

ನಾನು ಈ ಬಡಾವಣೆಯಲ್ಲಿ, ಚಳಿಗಾಲದಲ್ಲಿ ಬಿಸಿನೀರು ಹರಿಸಿ ಮನೆಗಳನ್ನು ಬೆಚ್ಚಗಿಡುವ ಶಾಖದ ಪೈಪುಗಳನ್ನು ಮೂವತ್ತೆರಡು ವರ್ಷ ನೋಡಿಕೊಂಡವನು. ಎಂಟು ಅಂತಸ್ತಿನ ಈ ಕಾಂಕ್ರೀಟ್ ಕಟ್ಟಡಗಳ ಒಂದೊಂದು ನರವೂ ನನಗೆ ಗೊತ್ತು. ಕಪಾಟು ನಿಲ್ಲಿಸಿದ ಗೋಡೆಗುಂಟ, ನೆಲದಿಂದ ಮೊಣಕಾಲೆತ್ತರದಲ್ಲಿ, ಮೇಲಿನ ಮನೆಗಳಿಗೆಲ್ಲ ಬಿಸಿನೀರು ಒಯ್ಯುವ ಪೈಪು ಹಾದುಹೋಗುತ್ತದೆ ಎಂದು ಗೊತ್ತಿದ್ದೇ ಅಲ್ಲಿ ನಿಲ್ಲಿಸಿದ್ದೆ. ವಿಲೆಮ್ ಹೋದ ಮೇಲೆ ಆ ಪೈಪಿಗೆ ಸುತ್ತಿದ್ದ ದಪ್ಪ ಹೊದಿಕೆಯನ್ನು ಕಪಾಟಿನ ಅಗಲದಷ್ಟು ಕೊಯ್ದು ತೆಗೆದೆ. ಪುಕ್ಕಟೆ ಶಾಖ. ಪೈಪು ಬೆಚ್ಚಗಿದ್ದಷ್ಟು ಹೊತ್ತು ತಂತಿ ಸುಮ್ಮನಿರುತ್ತದೆ. ನಮ್ಮ ಕಾಲದಲ್ಲಿ ಅಕ್ಟೋಬರಿನಲ್ಲಿ ಮೊದಲ ಸಲ ನೀರು ಬಿಡುವಾಗ ದಿನಕ್ಕೆ ಹತ್ತು ಡಿಗ್ರಿಯಂತೆ ಏರಿಸುತ್ತಿದ್ದೆವು, ಹಳೆಯ ಪೈಪು ಬಿರಿಯಬಾರದು ಅಂತ. ಮೊದಲ ವಾರ ಮುಟ್ಟಿದರೆ ಕೈಗೆ ಹಿತ. ಚಳಿ ಹೆಚ್ಚಾದಾಗ ಮತ್ತೆ ಹೊದಿಕೆ ಸುತ್ತಿದರಾಯಿತು ಅಂತ ನನ್ನ ಲೆಕ್ಕ. ಯಾರಿಗೂ ಹೇಳಲಿಲ್ಲ. ಗೆಳೆಯ ವಾಪಸು ಬಂದಾಗ ತೋರಿಸಿ ಶಭಾಸ್ ಅನ್ನಿಸಿಕೊಳ್ಳುವ ಆಸೆ ಇತ್ತು.

ಅಕ್ಟೋಬರಿನ ಎರಡನೇ ಶುಕ್ರವಾರ ಸಂಜೆ ಶಾಖ ಬಂತು. ನಮ್ಮಲ್ಲಿ ಅದೊಂದು ಹಬ್ಬ. ಗೋಡೆಗಳೊಳಗೆ ಗಳಗಳ ಸದ್ದು, ಪಕ್ಕದ ಮನೆಯವರು ಮೆಟ್ಟಿಲಲ್ಲಿ "ಬಂತು, ಬಂತು" ಅನ್ನುತ್ತಾರೆ, ಎಲ್ಲರೂ ಕಿಟಕಿ ಕೆಳಗಿನ ರೇಡಿಯೇಟರ್ ಮುಟ್ಟಿ ನೋಡುತ್ತಾರೆ. ನಾನೂ ಮುಟ್ಟಿದೆ. ಸುರ್ರೆಂದಿತು, ಕೈ ಹಿಂದೆ ಎಳೆದುಕೊಂಡೆ.

"ಈ ಸಲ ಚೆನ್ನಾಗಿ ಬಿಟ್ಟಿದಾರೆ ನೋಡು," ಅಂದೆ ಹೆಡ್ವಿಕಾಗೆ.

ಅಷ್ಟೇ ಅಂದದ್ದು. ಕೈ ಸುಟ್ಟಿತು, ತಲೆಗೆ ಹತ್ತಲಿಲ್ಲ. ನಾನು ನಿವೃತ್ತನಾಗಿ ಒಂಬತ್ತು ವರ್ಷವಾಗಿತ್ತು. ಈಗ ನೀರು ಬಿಡುವುದು ಮನುಷ್ಯರಲ್ಲ, ಯಂತ್ರ. ಅದು ಮೊದಲ ದಿನವೇ ಎಪ್ಪತ್ತಕ್ಕೆ ಏರಿಸುತ್ತದೆ. ಶನಿವಾರ ಬೆಳಿಗ್ಗೆ ಪ್ರತಿ ವರ್ಷದಂತೆ ಕಾಡಿನ ಪಕ್ಕದ ನಮ್ಮ ಗುಡಿಸಲಿಗೆ ಹೋದೆವು. ನಲ್ಲಿಯ ನೀರು ಬಸಿದು, ಕಿಟಕಿಗಳಿಗೆ ಹಲಗೆ ಹಾಕಿ, ಅದನ್ನು ಚಳಿಗಾಲಕ್ಕೆ ಮುಚ್ಚಬೇಕಿತ್ತು. ಹೊರಡುವಾಗ ನೆಲಮಾಳಿಗೆಗೆ ಇಳಿಯಲಿಲ್ಲ. ಥರ್ಮೋಸ್ಟ್ಯಾಟ್ ಇದೆಯಲ್ಲ, ಕಾಯುತ್ತದೆ ಅಂದುಕೊಂಡೆ. ಒಂದು ಬುಟ್ಟಿ ಅಣಬೆ ಆರಿಸಿಕೊಂಡು ಭಾನುವಾರ ಮಧ್ಯಾಹ್ನ ವಾಪಸಾದೆವು.

ಉಗ್ರಾಣದ ಬಾಗಿಲು ತೆರೆದಾಗ ಮೊದಲು ಬಂದದ್ದು ವಾಸನೆ. ಕೆಂಪು ದೀಪ ಆರಿತ್ತು. ಆರಿರಲೇಬೇಕು, ಒಳಗೆ ನಲವತ್ತಾರು ಡಿಗ್ರಿ ಇತ್ತು. ವಿಲೆಮ್‌ನ ಪೆಟ್ಟಿಗೆ ತನ್ನ ಕೆಲಸ ಚಾಚೂ ತಪ್ಪದೆ ಮಾಡಿ, ತಂತಿ ಕಡಿದು, ಎರಡು ದಿನದಿಂದ ಸುಮ್ಮನೆ ಕೂತಿತ್ತು. ಪೈಪನ್ನು ಆರಿಸುವ ಶಕ್ತಿ ಅದಕ್ಕೆಲ್ಲಿ? ಕೆಳಗಿನ ಡಬ್ಬಿ ಎಳೆದೆ. ಬಾರಾ ಮುಂಭಾಗದ ಮೂಲೆಗೆ ಮೂತಿ ಒತ್ತಿಕೊಂಡಿದ್ದಳು. ತಳ್ಳಿ ತಳ್ಳಿ ಮೂತಿಯ ಚರ್ಮ ಸುಲಿದಿತ್ತು. ಬಟ್ಟಲಿನಲ್ಲಿ ನೀರಿರಲಿಲ್ಲ. ಎರಡನೆಯದು, ಮೂರನೆಯದು, ಆರರವರೆಗೂ ಅದೇ. ಹಾವು ಕಂಡರಾಗದ ನಾನು ಅಲ್ಲೇ ಸಿಮೆಂಟಿನ ಮೇಲೆ ಕೂತು ಗಟ್ಟಿಯಾಗಿ ಅತ್ತೆ. ಏಳನೆಯ ಡಬ್ಬಿಯಲ್ಲಿ, ನನ್ನ ಗರಗಸ ಜಾರಿದ ಆ ಅಗಲ ಸಂದಿನ ಕೆಳಗೆ, ಝೋಫ್ಕಾ ಬಾಯಿ ಅರ್ಧ ತೆರೆದು ಇನ್ನೂ ಉಸಿರಾಡುತ್ತಿದ್ದಳು.

ಅವಳನ್ನು ಮೇಲೆ ತಂದು ಸ್ನಾನದ ತೊಟ್ಟಿಯಲ್ಲಿ ಉಗುರುಬೆಚ್ಚನೆ ನೀರಿಗೆ ಬಿಟ್ಟೆ. ಹೆಡ್ವಿಕಾ ಕೆಳಗೆ ಹೋಗಿ ಎಲ್ಲ ನೋಡಿಕೊಂಡು ಬಂದಳು.

"ಪೈಪಿನ ಹೊದಿಕೆ ನೀನೇ ಕೊಯ್ದಿದ್ದಾ?"

"ಹೂಂ."

"ಅವನಿಗೆ ಹೇಳಬೇಕು, ಅಲೋಯಿಸ್."

"ಆಪರೇಷನ್ ಮುಗೀಲಿ."

ಆಪರೇಷನ್ ಮುಗಿಯಿತು. ಹತ್ತು ದಿನ ಬಿಟ್ಟು ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೇ ಹೋಗಿದ್ದೆ. ಅವನು ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು, ಅರ್ಧದಷ್ಟಾಗಿ ಮಲಗಿದ್ದ. ನನ್ನ ಮುಖ ನೋಡಿಯೇ ಕೇಳಿದ.

"ಹುಡುಗೀರಿಗೆ ಏನಾಯ್ತು?"

"ಕಪಾಟು ಬಿಸಿಯಾಗ್ಬಿಡ್ತು ವಿಲೆಮ್. ತುಂಬಾ ಬಿಸಿ. ಝೋಫ್ಕಾ ಒಬ್ಬಳೇ ಉಳಿದಿರೋದು."

ಅವನು ಚಾವಣಿಯ ಕಡೆ ಮುಖ ತಿರುಗಿಸಿ, "ನನ್ನ ಪೆಟ್ಟಿಗೆ ಕೈಕೊಡ್ತಾ?" ಅಂದ.

ಅವನೇ ಬಾಗಿಲು ತೆರೆದುಕೊಟ್ಟ, ನಾನು ಒಳಗೆ ನುಗ್ಗಿದೆ. "ಹಾಗೇ ಕಾಣುತ್ತೆ," ಅಂದೆ.

ಅವನು ನನ್ನ ಕೈ ಹಿಡಿದುಕೊಂಡ. "ನೀನು ಬೇಜಾರು ಮಾಡ್ಕೋಬೇಡ ಕಣೋ. ನೀನೇನು ಮಾಡೋಕಾಗ್ತಿತ್ತು." ನನಗೇ ಸಮಾಧಾನ ಹೇಳಿದ. ನಾನು ಹೇಳಿಸಿಕೊಂಡೆ. ಮನೆಗೆ ಬಂದವನೇ ನೆಲಮಾಳಿಗೆಗೆ ಇಳಿದು ಪೈಪಿಗೆ ಹೊಸ ಹೊದಿಕೆ ಸುತ್ತಿದೆ. ಹೆಡ್ವಿಕಾ ಮೆಟ್ಟಿಲ ಮೇಲೆ ನಿಂತು ನೋಡಿ, ಮೇಲೆ ಹೋದಳು. ಅಂದಿನಿಂದ ನನ್ನ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟಿದ್ದಾಳೆ.

ಡಿಸೆಂಬರಿನಲ್ಲಿ ವಿಲೆಮ್ ಮನೆಗೆ ಬಂದ. ಝೋಫ್ಕಾಳನ್ನೂ ಪೆಟ್ಟಿಗೆಯನ್ನೂ ಅವನಿಗೆ ತಲುಪಿಸಿದೆ. ಮೂರು ವಾರ ಬಿಟ್ಟು, ಕ್ರಿಸ್‌ಮಸ್ಸಿನ ಹೊತ್ತಿಗೆ ಹೆಡ್ವಿಕಾ ಕೊಟ್ಟ ಬಿಸ್ಕತ್ತಿನ ಡಬ್ಬ ಹಿಡಿದು ಹೋದಾಗ ಮೇಜಿನ ತುಂಬ ಆ ಪೆಟ್ಟಿಗೆಯ ಕರುಳು ಹರಡಿತ್ತು. ಒಂದು ಲೋಟದಲ್ಲಿ ಬಿಸಿನೀರು, ಒಂದರಲ್ಲಿ ತಣ್ಣೀರು, ಉಷ್ಣಮಾಪಕಗಳು, ಅಂಕಿ ಬರೆದ ಹಾಳೆಗಳು.

"ಮೂರು ವಾರದಿಂದ ನೋಡ್ತಿದೀನಿ," ಅಂದ. ಒಂದೊಂದು ಮಾತಿಗೂ ಉಸಿರು ಹಿಡಿಯುತ್ತಿದ್ದ. "ಎಂಟುನೂರು ಸಲ ಬಿಸಿ ಮಾಡಿ ತಣ್ಣಗೆ ಮಾಡಿದೀನಿ. ಒಂದು ಸಲಾನೂ ತಪ್ಪಿಲ್ಲ."

ನಾನು ಕೋಟು ಬಿಚ್ಚದೆ ನಿಂತಿದ್ದೆ.

"ಒಂದೇ ಒಂದು ಕೇಳ್ತೀನಿ ಲೋಯ್ಜಾ. ಅವತ್ತು ನೀನು ಬಾಗಿಲು ತೆಗೆದಾಗ ಕೆಂಪು ದೀಪ ಉರೀತಿತ್ತಾ?"

ಉರಿಯುತ್ತಿರಲಿಲ್ಲ ಎಂದರೆ ಪೆಟ್ಟಿಗೆಯದು ತಪ್ಪಿಲ್ಲ, ಶಾಖ ಬೇರೆಲ್ಲಿಂದಲೋ ಬಂದಿದೆ ಎಂದು ಅವನಿಗೆ ಗೊತ್ತಾಗುತ್ತಿತ್ತು. ಬೇರೆಲ್ಲಿಂದ ಎಂದು ಊಹಿಸಲು ಮೂವತ್ತು ವರ್ಷದ ಗೆಳೆತನ ಸಾಕಿತ್ತು. ಅವನ ಕಣ್ಣಲ್ಲಿ ಆಸೆ ಇತ್ತು. ಇಲ್ಲ ಅನ್ನು ಅಂತ ಬೇಡುವ ಆಸೆ.

"ಉರೀತಿತ್ತು," ಅಂದೆ.

ಅವನು ತಲೆಯಾಡಿಸಿದ. ಬಿಚ್ಚಿದ್ದನ್ನೆಲ್ಲ ಎರಡೂ ಕೈಯಿಂದ ಬಳಿದು ಬೂದಿಯ ಬಕೆಟ್ಟಿಗೆ ಹಾಕಿದ. ಬೆಸುಗೆಯ ಕಡ್ಡಿಯನ್ನೂ, ಭೂತಗನ್ನಡಿಯನ್ನೂ ಹಾಕಿದ.

"ಹಾಗಾದ್ರೆ ನಾನೇ," ಅಂದ. "ಎಲ್ಲೋ ಒಂದು ಬೆಸುಗೆ ಬಿಡುತ್ತೆ, ಎಲ್ಲಿ ಅಂತ ನನ್ನ ಕಣ್ಣಿಗೆ ಕಾಣ್ತಿಲ್ಲ. ಅವರನ್ನ ನಾನೇ ಕೊಂದೆ."

ಎದ್ದು ಹೋಗಿ ಝೋಫ್ಕಾಳನ್ನು ಎತ್ತಿ ದಿಂಬಿನ ಚೀಲದೊಳಗೆ ಬಿಟ್ಟು, ಬಾಯಿಗೆ ಗಂಟು ಹಾಕಿದ.

"ಇವಳನ್ನ ತಗೊಂಡು ಹೋಗು. ನನ್ನ ಕೈ ಇನ್ನು ನಂಬೋ ಹಾಗಿಲ್ಲ. ನಿನ್ನ ಹತ್ರ ಆದ್ರೆ ಬದುಕ್ತಾಳೆ."

ಹೊರಗೆ ಹಿಮ ಬೀಳುತ್ತಿತ್ತು. ಹಾವಿಗೆ ಚಳಿ ತಾಗಬಾರದೆಂದು ಅವನು ಆ ಚೀಲವನ್ನು ನನ್ನ ಕೋಟಿನೊಳಗೆ, ಅಂಗಿಗೆ ತಾಗುವ ಹಾಗೆ ಇಟ್ಟ. ಕೋಟಿನ ಗುಂಡಿಗಳನ್ನು ಒಂದೊಂದಾಗಿ ಕತ್ತಿನವರೆಗೂ ತಾನೇ ಹಾಕಿದ. ನಾನು ಕೈ ಇಳಿಬಿಟ್ಟು ನಿಂತು ಹಾಕಿಸಿಕೊಂಡೆ.

"ದೇವರು ಒಳ್ಳೇದು ಮಾಡಲಿ ನಿನಗೆ," ಅಂದ.

ನಾನು ಆಗಲಿ ಎಂದು ಹೇಳಿ ಬಸ್ಸಿಗೆ ನಡೆದೆ.