ಗಾಳಿಯೂ ನುಸುಳದ ಬಾಗಿಲು

ನನ್ನಂಥ ಬಡಗಿ ಈ ಊರಲ್ಲಿ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವ ಲಕ್ಷಣವೂ ಇಲ್ಲ. ನಾನು ಕೂರಿಸಿದ ಬಾಗಿಲಿನ ಸಂದಿಯಲ್ಲಿ ಇರುವೆ ನುಸುಳಬೇಕಾದರೂ ಹೊಟ್ಟೆ ಒಳಗೆಳೆದುಕೊಳ್ಳಬೇಕು!

ಮಹಡಿಯ ಕೋಣೆಯನ್ನು ಪ್ರವಾಸಿಗರಿಗೆ ದಿನದ ಬಾಡಿಗೆಗೆ ಕೊಡತೊಡಗಿದೆ. ಮೊದಲ ಅತಿಥಿಯೇ ಸ್ನಾನದಮನೆಯಲ್ಲಿ ಚಳಿ ಎಂದು ಗೊಣಗಿದ. ನನ್ನ ಕೆಲಸಕ್ಕೆ ಹೆಸರಿಡುವುದೇ? ಮರುದಿನವೇ ಗವಾಕ್ಷಿಗೆ ಹಲಗೆ ಬಡಿದು, ಬಾಗಿಲಿನ ಅಂಚಿಗೆಲ್ಲ ರಬ್ಬರ್ ಪಟ್ಟಿ ಅಂಟಿಸಿದೆ. ಗ್ಯಾಸ್ ಗೀಸರ್ ಒಳಗೇ ಇತ್ತು.

ಎರಡು ದಿನ ಬಿಟ್ಟು ತಂಗಿ ಬಾಡಿಗೆ ಕೋಣೆಯ ನೋಂದಣಿ ಅರ್ಜಿ ಹಿಡಿದು ಬಂದಳು. ಅವಳು ನಗರಸಭೆಯಲ್ಲಿ ಆರೋಗ್ಯ ನಿರೀಕ್ಷಕಿ.

“ಅಣ್ಣಾ, ಇವತ್ತಾದ್ರೂ ಸಹಿ ಹಾಕು. ನಮ್ಮ ಕಚೇರಿಯವರು ಬಂದು ಗ್ಯಾಸು, ಕರೆಂಟು ಎಲ್ಲಾ ನೋಡ್ತಾರೆ.”

“ನನ್ನ ಮನೆ ತಪಾಸಣೆ ಮಾಡೋಕೆ ಅವರ್ಯಾರೇ? ಬೇಕಾದ್ರೆ ಬಂದು ಕೆಲಸ ಕಲ್ಕೊಂಡು ಹೋಗ್ಲಿ!”

“ಇವ್ರಿಗೆ ಅರ್ಜಿ ಅಂದ್ರೆ ಮೈಯೆಲ್ಲಾ ತುರಿಕೆ,” ಎಂದಳು ನನ್ನ ಹೆಂಡತಿ. “ಮದುವೆ ನೋಂದಣಿಗೂ ನಾನೇ ಕೈ ಹಿಡಿದು ಎಳ್ಕೊಂಡು ಹೋಗಿದ್ದೆ.”

ತಂಗಿ ನಗಲಿಲ್ಲ. ಮೇಲೆ ನೀರು ಸುರಿಯುವ ಸದ್ದು ಕೇಳುತ್ತಿದ್ದಳು.

“ಮೇಲೆ ಯಾರು?”

“ಒಬ್ರು ಟೀಚರ್. ಸ್ನಾನಕ್ಕೆ ಹೋಗಿ ಅರ್ಧ ಗಂಟೆ ಆಯ್ತು.”

“ಗೀಸರ್ ಒಳಗಿದ್ಯಲ್ಲ, ಗಾಳಿಗೇನು ಮಾಡಿದ್ದೀಯ?”

“ಗಾಳೀನಾ? ಒಂದೆಳೆ ನುಗ್ಗಲಿ, ಮೀಸೆ ಬೋಳಿಸ್ತೀನಿ!”

ಅವಳ ಮುಖ ಬಿಳಿಚಿತು. ಮೆಟ್ಟಿಲು ಹತ್ತಿ ಓಡಿದಳು. ನಾವೂ ಓಡಿದೆವು.

“ಮೇಡಂ! ಮೇಡಂ!”

ನೀರಿನ ಸದ್ದು ಬಿಟ್ಟರೆ ಉತ್ತರವಿಲ್ಲ. ತಂಗಿ ಹೊರಗಿದ್ದ ಸಿಲಿಂಡರ್ ಬಂದ್ ಮಾಡಿದಳು. “ಬಾಗಿಲು ಒಡಿ ಅಣ್ಣಾ! ಗೀಸರ್ ಉರಿದು ಬರೋ ವಿಷಗಾಳಿ ಅದು, ವಾಸನೆ ಇರಲ್ಲ, ಬಣ್ಣ ಇರಲ್ಲ. ಒಡಿ!”

ಭುಜ ಕೊಟ್ಟು ಗುದ್ದಿದೆ. ಅಲುಗಲಿಲ್ಲ. ಕಾಲೆತ್ತಿ ಒದ್ದೆ. ಅಲುಗಲಿಲ್ಲ. ಆನೆ ಬಂದರೂ ಬಗ್ಗದ ಬಾಗಿಲೆಂದು ಊರೆಲ್ಲ ಸಾರಿದ್ದವನು, ಆ ಹೊತ್ತು ನನ್ನ ಕೆಲಸ ಒಂದಿಷ್ಟು ಕಳಪೆಯಾಗಿರಬಾರದಿತ್ತೇ ಎಂದು ಬೇಡಿಕೊಂಡೆ. ಹೆಂಡತಿ ಹಾರೆ ತಂದುಕೊಟ್ಟಳು. ನಾಲ್ಕನೆಯ ಏಟಿಗೆ ಚಿಲಕ ಕಿತ್ತು ಬಂತು.

ಟೀಚರ್ ನೆಲದ ಮೇಲೆ ಬಿದ್ದಿದ್ದರು. ಹೆಂಡತಿ ಹೊದಿಕೆ ಸುತ್ತಿದಳು. ಮೂವರೂ ಸೇರಿ ಬಾಲ್ಕನಿಗೆ ಎಳೆದೆವು. ಉಸಿರು ದಾರದಷ್ಟು ಇತ್ತು. ತಂಗಿ ಫೋನ್ ಮಾಡಿ ಕರೆಸಿದ ಆಂಬುಲೆನ್ಸ್ ಬರುವ ತನಕ ನಾನು ಟವೆಲಿನಿಂದ ಗಾಳಿ ಬೀಸಿದೆ. ಗಾಳಿಗೆ ಬಾಗಿಲು ಮುಚ್ಚಿದವರೇ ಗಾಳಿ ಬೀಸಿದರು ಎಂದು ಹೆಂಡತಿ ಇಂದಿಗೂ ಹೇಳುತ್ತಾಳೆ.

“ಇನ್ನೈದು ನಿಮಿಷ ತಡವಾಗಿದ್ರೆ ಕಷ್ಟ ಇತ್ತು,” ಎಂದರು ಡಾಕ್ಟರ್.

ಮರುದಿನ ಆಸ್ಪತ್ರೆಗೆ ಹೋಗಿ ಕ್ಷಮೆ ಕೇಳಿದೆ. ಟೀಚರ್ ನನ್ನನ್ನೇ ನೋಡಿದರು. “ರೂಮು ಚೆನ್ನಾಗಿದ್ರೆ ಮುಂದಿನ ವಾರ ನನ್ನ ಮಕ್ಕಳನ್ನೂ ಕರ್ಕೊಂಡು ಬರೋಣ ಅಂತಿದ್ದೆ,” ಎಂದರು.

ಅಲ್ಲಿಂದ ನೇರ ನಗರಸಭೆಗೆ ಹೋಗಿ ಸಹಿ ಹಾಕಿದೆ. ಒಪ್ಪಿಗೆ ಸಿಗುವವರೆಗೆ ಕೋಣೆಗೆ ಬೀಗ. ಗೀಸರ್ ಹೊರಗೆ ಬಂತು, ಗವಾಕ್ಷಿ ತೆರೆಯಿತು. ವಿಷಗಾಳಿಗೆ ಕೂಗುವ ಅಲಾರಂ, ಬೆಂಕಿ ಆರಿಸುವ ಸಿಲಿಂಡರ್, ಹೊರಗೆ ಓಡುವ ದಾರಿಯ ನಕ್ಷೆ ಗೋಡೆಗೇರಿದವು. ನನಗೆ ಕಾಣದಿದ್ದ ಏಳು ತಪ್ಪುಗಳನ್ನು ತಪಾಸಣೆಯ ಹುಡುಗಿ ಹತ್ತೇ ನಿಮಿಷದಲ್ಲಿ ಹಿಡಿದಳು.

ಕೋಣೆ ಬಾಡಿಗೆಗೆ ಕೊಡುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಊರಿನ ಕಚೇರಿಯಲ್ಲಿ ನಿಯಮ ಕೇಳಿ, ನೋಂದಣಿ ಮಾಡಿಸಿ. ತಪಾಸಣೆಯಾಗುವ ತನಕ ಯಾರಿಗೂ ಬೀಗದ ಕೈ ಕೊಡಬೇಡಿ. ನಿಮ್ಮ ಮನೆಯಲ್ಲಿ ಮಲಗುವವರು ನಿಮ್ಮನ್ನು ನಂಬಿ ಕಣ್ಣು ಮುಚ್ಚುತ್ತಾರೆ. ಬೆಳಿಗ್ಗೆ ಅವರು ಕಣ್ಣು ತೆರೆಯಬೇಕು.