ಕಾಲರ್ ಇಲ್ಲದ ಅಂಗಿ

ರಜೆ ಬಂತೆಂದು ನನ್ನ ತಂಗಿ ತನ್ನ ಇಬ್ಬರು ಮಕ್ಕಳನ್ನು ತಂದು ನನ್ನ ಹೊಲಿಗೆ ಅಂಗಡಿಯಲ್ಲಿ ಬಿಟ್ಟು ಹೋದಳು. ದೊಡ್ಡವಳು ಪಟಾಕಿ, ಚಿಕ್ಕವನು ಗುಂಡ. ಹೆಸರು ನಾನೇ ಇಟ್ಟದ್ದು, ಎಳ್ಳಷ್ಟೂ ತಪ್ಪಿಲ್ಲ. ಬಂದ ದಿನವೇ ಗುಂಡಿ ಡಬ್ಬಿಯನ್ನು ನೆಲಕ್ಕೆ ಸುರಿದು, ಗಿರಾಕಿಯೊಬ್ಬರ ಕೋಟಿನ ಮೇಲೆ ಸೀಮೆಸುಣ್ಣದಲ್ಲಿ ಬೆಕ್ಕು ಬರೆದು ನನ್ನ ತಲೆ ಚಿಟ್ಟು ಹಿಡಿಸಿದರು. ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ. ಇವಕ್ಕೊಂದು ಕೆಲಸ ಕೊಡದಿದ್ದರೆ ನನ್ನನ್ನೇ ಕತ್ತರಿಸಿ ಹೊಲಿದುಬಿಡುತ್ತವೆ ಅನ್ನಿಸಿತು.

ನಮ್ಮದು ನಾಲ್ಕು ಮಹಡಿಯ ಹಳೇ ಕಟ್ಟಡ. ಕೆಳಗೆ ನನ್ನ ಅಂಗಡಿ, ಮೆಟ್ಟಿಲ ಅಡಿಯ ಕೋಣೆಯಲ್ಲಿ ವಾಚ್‌ಮನ್ ತಾತ, ಮೇಲೆಲ್ಲ ಮನೆಗಳು, ತಾರಸಿಯಲ್ಲಿ ಎಲ್ಲರ ಬಟ್ಟೆ ಒಣಗುವ ಹಗ್ಗಗಳು. ಅಲ್ಲಿ ನೇತಾಡುವುದನ್ನು ನೋಡಿದರೆ ಹೊಲಿಗೆಯವಳ ಹೊಟ್ಟೆ ಉರಿಯದೆ ಇರುತ್ತದೆಯೇ? ಒಂದಕ್ಕೆ ಗುಂಡಿಯಿಲ್ಲ, ಇನ್ನೊಂದರ ಜೇಬು ಜೋತಿದೆ. ನಾಲ್ಕು ಮೆಟ್ಟಿಲಿಳಿದು ನನ್ನ ಹತ್ತಿರ ತರುವುದಕ್ಕೆ ಇವರಿಗೆ ಸೋಮಾರಿತನ.

"ಬನ್ರೋ ಇಲ್ಲಿ," ಅಂದೆ. "ಹಗ್ಗದ ಮೇಲಿರೋ ಹರಕು ಹುಡುಕಿ ತನ್ನಿ. ಹೊಲಿದು, ಸಂಜೆಯೊಳಗೆ ಅದೇ ಜಾಗದಲ್ಲಿ ಹಾಕಿ ಬರ್ಬೇಕು. ಮಾಡಿದ್ದು ಗೊತ್ತಾಗ್ಬೇಕು, ಮಾಡಿದವರು ಗೊತ್ತಾಗ್ಬಾರದು."

"ಗೊತ್ತಾದ್ರೆ?" ಗುಂಡ ಕೇಳಿದ.

"ಗೊತ್ತಾದ್ರೆ ಮಾಡಿದ್ದೆಲ್ಲಾ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ!"

ಬಾಯಿಗೆ ಬಂದದ್ದು ಅಂದುಬಿಟ್ಟೆ. ಮಕ್ಕಳು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡವು.

ಪಟಾಕಿ ಗುಂಡಿ ಹಾಕುವುದನ್ನು ಕಲಿತಳು, ನಾನು ಉಳಿದ ರಿಪೇರಿ ನೋಡಿಕೊಂಡೆ. ಗುಂಡ ಚೂರು ಬಟ್ಟೆಯಲ್ಲಿ ಹಕ್ಕಿ ಕಟ್ಟಿ ಒಂದೊಂದು ಜೇಬಿಗೂ ಒಂದೊಂದು ತುರುಕಿ ಬಂದ. ಅವು ಹಕ್ಕಿ ಅಂತ ಅವನು ಹೇಳಿದರೆ ಮಾತ್ರ ತಿಳಿಯುತ್ತಿತ್ತು. ಒಂದು ದಿನ ಮೂರನೇ ಮಹಡಿಯ ನರ್ಸ್ ಅಂಗಡಿಗೆ ಬಂದು, "ಅಕ್ಕಾ, ನಮ್ಮ ತಾರಸೀಲಿ ಯಾವುದೋ ಒಳ್ಳೇ ದೆವ್ವ ಸೇರ್ಕೊಂಡಿದೆ ಕಣ್ರೀ" ಅಂದಳು. ಮಕ್ಕಳಿಬ್ಬರೂ ಮೇಜಿನ ಕೆಳಗೆ ನುಗ್ಗಿ ಬಾಯಿ ಮುಚ್ಚಿಕೊಂಡು ನಕ್ಕವು. ನನಗಂತೂ ಖುಷಿಯೋ ಖುಷಿ.

ಹೀಗಿರುವಾಗ ಅಧ್ಯಕ್ಷರ ಬಿಳಿ ಅಂಗಿ ಬಂತು. ಇವರು ನಮ್ಮ ಕಟ್ಟಡದ ಸಂಘದ ಅಧ್ಯಕ್ಷರು, ಬಲ್ಬ್ ಹೋದರೂ ಭಾಷಣ ಮಾಡುವವರು. ನೋಡಿದರೆ ಕಾಲರಿನ ಮಡಿಕೆ ಸವೆದು ನೂಲು ನೂಲಾಗಿದೆ. ಮೇಲೆ ಥಳುಕು, ಒಳಗೆ ಹುಳುಕು! ಎರಡು ಹೊಲಿಗೆ ಎಳೆದು ಕಳಿಸಬಹುದಿತ್ತು. ಆದರೆ ಅರ್ಧಂಬರ್ಧ ಕೆಲಸ ನನ್ನ ಅಂಗಡಿಯ ಹೊಸಿಲು ದಾಟಿದ್ದಿಲ್ಲ. ಕಾಲರ್ ಪೂರ್ತಿ ಬಿಚ್ಚಿ, ಸವೆದ ಮಗ್ಗುಲು ಅಡಿಗೆ ಹೋಗುವ ಹಾಗೆ ತಿರುಗಿಸಿ ಹಾಕೋಣವೆಂದು ಕೂತೆ. ಬಿಚ್ಚಿ ಮುಗಿಸುವಷ್ಟರಲ್ಲಿ ಕರೆಂಟು ಹೋಯಿತು. ನಾಳೆ ನೋಡೋಣ ಅಂತ ಮಡಿಸಿಟ್ಟೆ.

ಬೆಳಿಗ್ಗೆ ಅಂಗಡಿ ತೆಗೆಯುವಾಗಲೇ ಮೆಟ್ಟಿಲ ಬಳಿ ಗಲಾಟೆ.

"ಮಧ್ಯಾಹ್ನ ತಾರಸಿಗೆ ಬೀಗ ಹಾಕೋದು ನಿನ್ನ ಕೆಲಸ, ಬೀಗದ ಕೈ ಇರೋದೂ ನಿನ್ನ ಹತ್ರ. ನನ್ನ ಅಂಗಿಗೇನು ಕಾಲು ಬಂತಾ?" ಅಧ್ಯಕ್ಷರು ವಾಚ್‌ಮನ್ ತಾತನ ಮೇಲೆ ಕೂಗಾಡುತ್ತಿದ್ದರು. "ಸಾಕು ನಿನ್ನ ಕಾವಲು. ನಾಳೆಯೊಳಗೆ ಕೋಣೆ ಖಾಲಿ ಮಾಡು!"

ತಾತನಿಗೆ ಆ ಕೋಣೆ ಬಿಟ್ಟರೆ ಬೇರೆ ಮನೆಯಿಲ್ಲ, ಕೇಳುವವರೂ ಯಾರಿಲ್ಲ. ಆದರೂ ತಲೆ ತಗ್ಗಿಸಿ, "ಬಾಗಿಲು ತೆಗೆದಿಟ್ಟೋನು ನಾನೇ ಸಾರ್. ತಪ್ಪು ನಂದೇ" ಅಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಗುಂಡ ನನ್ನ ಕೈ ಜಗ್ಗಿದ. ಅವನ ಕಣ್ಣು ತುಂಬಿತ್ತು.

"ದೊಡ್ಡಮ್ಮಾ, ಈಗ ಹೇಳಿದ್ರೆ ನಾವು ಮಾಡಿದ್ದೆಲ್ಲಾ ಹುಣಸೆಹಣ್ಣಾಗುತ್ತಾ?"

"ಆದ್ರೆ ಆಗ್ಲಿ ಬಿಡೋ ಕಂದ. ಹೇಳು."

ಅವನಿಗಿಂತ ಮೊದಲು ಪಟಾಕಿ ಸಿಡಿದಳು. "ಅಂಗಿ ತಗೊಂಡಿದ್ದು ನಾವು! ತಾತ ಅಲ್ಲ! ಎಲ್ಲಾರದ್ದೂ ನಾವೇ ತಗೊಂಡು ಹೊಲಿದು ಹಾಕಿದ್ದು!"

ನಾನು ಒಳಗೆ ಓಡಿ ಅಂಗಿ ತಂದು ಎತ್ತಿ ಹಿಡಿದೆ.

"ಕಾಲರ್ ಎಲ್ಲಿ?" ಅಧ್ಯಕ್ಷರ ದನಿ ಕೀರಲಾಯಿತು.

"ಇಗೋ, ಈ ಕೈಯಲ್ಲಿ. ಈ ಚಿಂದಿ ಕತ್ತಿಗೆ ಹಾಕ್ಕೊಂಡು ಭಾಷಣ ಮಾಡ್ತಿದ್ರಲ್ಲ, ಮಕ್ಕಳಿಗೆ ಪಾಪ ಅನ್ನಿಸ್ತು. ತಡ ಮಾಡಿದ್ದು ನಾನು, ಬೈಯೋದಾದ್ರೆ ನನ್ನ ಬೈರಿ. ಆದ್ರೆ ಮೊದ್ಲು ತಾತನ ಹತ್ರ ಕ್ಷಮೆ ಕೇಳಿ!"

"ಅಯ್ಯೋ, ದೆವ್ವ ಇವೇನಾ!" ಮೇಲಿನಿಂದ ನರ್ಸ್ ಕೂಗಿ ಬಿದ್ದು ಬಿದ್ದು ನಕ್ಕಳು. ಅಧ್ಯಕ್ಷರ ಕಿವಿ ಕೆಂಪಾಯಿತು. "ತಪ್ಪಾಯ್ತು ತಾತ. ನೀವು ಎಲ್ಲೂ ಹೋಗ್ಬೇಡಿ" ಅಂದರು. ಅಷ್ಟು ಚಿಕ್ಕ ಭಾಷಣವನ್ನು ಅವರು ಜನ್ಮದಲ್ಲಿ ಮಾಡಿರಲಿಲ್ಲ.

ಎಲ್ಲರೂ ಚದುರಿದ ಮೇಲೆ ಪಟಾಕಿ ಮೆಟ್ಟಿಲ ಮೇಲೆ ಮುಖ ಊದಿಸಿಕೊಂಡು ಕೂತಳು. "ನಮ್ಮ ಗುಟ್ಟು ಹೋಯ್ತು ತಾತ."

"ಎಂಥಾ ಗುಟ್ಟೇ ತಾಯಿ? ಗುಟ್ಟು ಗುಟ್ಟು ಅಂತ ಕಿರುಚ್ಕೊಂಡೇ ಮೆಟ್ಟಿಲು ಹತ್ತುತ್ತಿದ್ರಲ್ಲ!" ತಾತ ನಕ್ಕರು. "ನಿಮಗೋಸ್ಕರಾನೇ ನಾನು ತಾರಸಿಗೆ ಬೀಗ ಹಾಕೋದು ಬಿಟ್ಟಿದ್ದು."

"ಗೊತ್ತಿದ್ದೂ ಯಾಕ್ರೀ ಬಾಯಿ ಬಿಡ್ಲಿಲ್ಲ?" ನಾನು ರೇಗಿದೆ. "ಕೋಣೆ ಹೋಗಿದ್ರೆ ಎಲ್ಲಿಗೆ ಹೋಗ್ತಿದ್ರಿ?"

"ಯಾರಿಗೂ ಗೊತ್ತಿಲ್ಲ ಅಂತ ಎಷ್ಟು ಖುಷಿಯಾಗಿದ್ವು ಅಮ್ಮಾ ಇವು. ಒಂದು ಕೋಣೆಗೋಸ್ಕರ ಅದನ್ನ ಹಾಳು ಮಾಡ್ಲಾ?"

ಯಾರ ಬಾಯಿಗೂ ಸೋಲದವಳು ನಾನು. ಒಳಗೆ ಹೋಗಿ ಮಿಷನ್ನಿನ ಮುಂದೆ ಕೂತು ಅತ್ತುಬಿಟ್ಟೆ.

ಮಧ್ಯಾಹ್ನ ಊಟ ಮುಗಿಸಿ ಬಂದರೆ ಮಿಷನ್ನಿನ ಮೇಲೆ ಒಂದು ಖಾಕಿ ಕೋಟು, ಎರಡೂ ಮೊಣಕೈ ಹರಿದದ್ದು. ಪಕ್ಕದಲ್ಲಿ ಏದುಸಿರು ಬಿಡುತ್ತಾ ಪಟಾಕಿ ಮತ್ತು ಗುಂಡ.

"ಯಾರದ್ರೋ ಇದು?"

"ಶ್! ಎದ್ದುಬಿಡ್ತಾರೆ!"

ಬಾಗಿಲಿಂದ ಇಣುಕಿದೆ. ವಾಚ್‌ಮನ್ ತಾತ ಬನಿಯನ್ನಿನಲ್ಲೇ ಕುರ್ಚಿಗೆ ಒರಗಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಬೀದಿಗೆಲ್ಲ ಕೇಳುವ ಹಾಗೆ ಸುಳ್ಳು ಗೊರಕೆ ಹೊಡೆಯುತ್ತಿದ್ದರು.